ಕೇಳು, ಕೇಳಿಸು, ನೋಡು: ಶಿಕಾರಿಪುರ–ಸೊರಬ ಸೀಮೆಯಲ್ಲಿ ಮಂದಶ್ರವಣ ಮತ್ತು ದೂರದರ್ಶನದ ಒಂದು ಭಾಷಾಚರಿತ್ರೆ

1. ಪ್ರಸ್ತಾವನೆ

ಕನ್ನಡದಲ್ಲಿ ರೇಡಿಯೋವನ್ನು ‘ಕೇಳುತ್ತೇವೆ’, ತಾಳಮದ್ದಳೆಯನ್ನು ‘ಕೇಳುತ್ತೇವೆ’. ಆಟವನ್ನು ‘ನೋಡುತ್ತೇವೆ’, ಟಿವಿಯನ್ನೂ ‘ನೋಡುತ್ತೇವೆ’. ಮಾಧ್ಯಮಗಳಿಗೆ ಇಟ್ಟ ಹೆಸರುಗಳಲ್ಲಿಯೂ ಇದೇ ವಿಭಜನೆ ಇದೆ. ‘ಆಕಾಶವಾಣಿ’ ಎಂಬ ಹೆಸರು 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಬಾನುಲಿ ಕೇಂದ್ರದಿಂದ ಬಂದುದು; ಅದರಲ್ಲಿ ವಾಣಿಯಿದೆ. ‘ದೂರದರ್ಶನ’ದಲ್ಲಿ ಇರುವುದು ದರ್ಶನ ಮಾತ್ರ. ಹೆಸರನ್ನು ನಂಬುವುದಾದರೆ, ಕಿವಿ ಮಂದವಾದವರಿಗೆ ರೇಡಿಯೋ ದೂರವಾದರೂ ಟಿವಿ ಹತ್ತಿರವಾಗಿರಬೇಕಿತ್ತು. ಮನೆಗಳ ಅನುಭವ ಹಾಗಿಲ್ಲ. ಸಂಜೆಯ ಧಾರಾವಾಹಿಯ ಹೊತ್ತಿಗೆ ಎಲ್ಲರೊಡನೆ ಕುಳಿತ ಅಜ್ಜಿಯೊಬ್ಬರು ಮಧ್ಯದಲ್ಲಿ ‘ಅವಳು ಏನಂದಳು?’ ಎಂದು ಒಮ್ಮೆ, ಎರಡು ಬಾರಿ ಕೇಳಿ, ಮೂರನೆಯ ಬಾರಿಗೆ ಕೇಳುವುದನ್ನೇ ಬಿಟ್ಟು ಸುಮ್ಮನಾಗುವುದು ನಮ್ಮ ಊರುಗಳಲ್ಲಿ ಅಪರೂಪವಲ್ಲ.

ಈ ಮೌನದ ಹಿಂದೆ ದೇಹದ ಕಾರಣವಿರುವಂತೆ ಭಾಷೆಯ ಕಾರಣವೂ, ಮಾಧ್ಯಮದ ಇತಿಹಾಸವೂ ಇದೆ ಎಂಬುದು ಪ್ರಸ್ತುತ ಲೇಖನದ ವಾದ. ಚರ್ಚೆಗೆ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳನ್ನು ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಒಂದು, ಕಿವುಡರನ್ನೂ ಕಥಕರನ್ನೂ ಒಂದೇ ಸಾಲಿನಲ್ಲಿ ಹೆಸರಿಸುವ ಹನ್ನೆರಡನೆಯ ಶತಮಾನದ ದಾಖಲೆಯೊಂದು ಇಲ್ಲಿ ಸಿಗುತ್ತದೆ. ಎರಡು, ಪಶ್ಚಿಮದಲ್ಲಿ ಮಲೆನಾಡನ್ನೂ ಪೂರ್ವೋತ್ತರದಲ್ಲಿ ಹಿರೇಕೆರೂರು–ಹಾನಗಲ್ಲುಗಳ ಬಯಲುಸೀಮೆಯನ್ನೂ ಮುಟ್ಟುವ ಈ ಪ್ರದೇಶದಲ್ಲಿ ಕನ್ನಡದ ಹಲವು ಬಗೆಗಳು ಬೆರೆತಿವೆ. ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಟಿವಿಯ ಕನ್ನಡ ಇವರಲ್ಲಿ ಹೆಚ್ಚಿನವರ ಮನೆಯ ಕನ್ನಡವಲ್ಲ.

2. ಪದಗಳ ಸಾಕ್ಷ್ಯ

‘ಕಿವುಡು’ ಎಂಬುದು ‘ಕಿವಿ’ಗೆ ಸಂಬಂಧಿಸಿದ ದ್ರಾವಿಡ ಪದ. ತಮಿಳಿನ ‘ಚೆವಿ’, ‘ಚೆವಿಡು’, ತೆಲುಗಿನ ‘ಚೆವಿ’, ‘ಚೆವುಡು’ಗಳು ಇದರ ಸೋದರರೂಪಗಳು. ಮೂಲದ ಕಕಾರವನ್ನು ಕನ್ನಡ ಉಳಿಸಿಕೊಂಡಿದೆ. ಉಳಿದೆರಡು ಭಾಷೆಗಳಲ್ಲಿ ಅದು ತಾಲವ್ಯವಾಗಿದೆ. ಬಯಲುಸೀಮೆಯ ಕಡೆಗೆ ‘ಕೆಪ್ಪು’, ‘ಕೆಪ್ಪ’ ಎಂಬ ರೂಪಗಳು ಹೆಚ್ಚು ಬಳಕೆಯಲ್ಲಿವೆ. ಸಂಸ್ಕೃತದಿಂದ ಬಂದ ‘ಬಧಿರ’ ಶಾಸನಕ್ಕೂ ಗ್ರಂಥಕ್ಕೂ ಸೀಮಿತವಾಯಿತು. ‘ಕಿವುಡ’, ‘ಕೆಪ್ಪ’ ಎಂಬ ರೂಪಗಳು ಬೈಗುಳಗಳಾಗಿಯೂ ಬಳಕೆಯಾಗುವುದರಿಂದ ಮನೆಯ ಹಿರಿಯರ ವಿಷಯದಲ್ಲಿ ಅವನ್ನು ಯಾರೂ ಆಡುವುದಿಲ್ಲ. ‘ಅಜ್ಜನಿಗೆ ಕಿವಿ ಸ್ವಲ್ಪ ಮಂದ’ ಎನ್ನುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಎರಡೂ ಕಿವಿಗಳಲ್ಲಿ ಮಾತಿನ ಆವರ್ತನಗಳಲ್ಲಿ 70 ಡೆಸಿಬಲ್ ಶ್ರವಣನಷ್ಟ ಉಳ್ಳವರನ್ನು ಕಿವುಡರೆಂದೂ, 60ರಿಂದ 70 ಡೆಸಿಬಲ್ ನಷ್ಟ ಉಳ್ಳವರನ್ನು ಮಂದಶ್ರವಣದವರೆಂದೂ ವಿಂಗಡಿಸುತ್ತದೆ. ಕಾನೂನಿನ ಅಳತೆಗೆ ಸಿಗದ, ಆದರೆ ಸಂಜೆಯ ಸಂಭಾಷಣೆ ತಪ್ಪಿಹೋಗುವಷ್ಟು ಮಂದವಾದ ಕಿವಿಗಳೇ ಮನೆಗಳಲ್ಲಿ ಹೆಚ್ಚು.

ಕ್ರಿಯಾಪದದ ಸಾಕ್ಷ್ಯ ಇನ್ನೂ ಮುಖ್ಯವಾದುದು. ‘ಕೇಳು’ ಎಂಬ ಒಂದೇ ಧಾತುವಿಗೆ ಆಲಿಸು, ಪ್ರಶ್ನಿಸು, ಬೇಡು, ಮಾತಿಗೆ ಒಪ್ಪಿ ನಡೆ ಎಂಬ ಅರ್ಥಗಳಿವೆ. ‘ಅತ್ತೆ ಕೇಳುವುದಿಲ್ಲ’ ಎಂಬ ವಾಕ್ಯದಲ್ಲಿ ಅತ್ತೆ ಕರ್ತೃ. ಕೇಳದಿರುವುದು ಅವರ ಇಚ್ಛೆ, ಹಟ. ‘ಅತ್ತೆಗೆ ಕೇಳಿಸುವುದಿಲ್ಲ’ ಎಂಬ ವಾಕ್ಯದಲ್ಲಿ ಅತ್ತೆ ಚತುರ್ಥಿಯಲ್ಲಿ ನಿಂತ ಅನುಭವಿ. ಅದು ದೇಹಕ್ಕೆ ಆದದ್ದು. ಹಸಿವು, ನೋವು, ಚಳಿಗಳನ್ನು ಹೇಳುವ ‘ನನಗೆ ಹಸಿವಾಗಿದೆ’ ಎಂಬ ರಚನೆಯ ಗುಂಪಿಗೆ ಇದು ಸೇರುತ್ತದೆ. ವ್ಯಾಕರಣ ಸ್ಪಷ್ಟವಾಗಿ ಬೇರ್ಪಡಿಸಿದ ಈ ಎರಡನ್ನು ವ್ಯವಹಾರ ಮತ್ತೆ ಬೆರೆಸುತ್ತದೆ. ಕೇಳಿಸದುದು ಕೇಳದುದಾಗಿ ಕಾಣತೊಡಗಿದಾಗ ಮನೆಯಲ್ಲಿ ಸಿಡುಕು ಹುಟ್ಟುತ್ತದೆ. ‘ನಿಮಗೆ ಬೇಕಾದದ್ದು ಮಾತ್ರ ಕೇಳಿಸುತ್ತದೆ’ ಎಂಬ ಆಕ್ಷೇಪಣೆ ಇಲ್ಲಿಂದ ಬಂದದ್ದು. ಅದರಲ್ಲಿ ಅರ್ಧ ಸತ್ಯವೂ ಇದೆ: ಪರಿಚಿತ ದನಿ, ಪರಿಚಿತ ವಿಷಯ, ಎದುರಿಗಿರುವ ಮುಖ ಇದ್ದಾಗ ಮಂದವಾದ ಕಿವಿಯೂ ಹೆಚ್ಚು ಗ್ರಹಿಸುತ್ತದೆ. ಇದಕ್ಕೆ ಹಟ ಕಾರಣವಲ್ಲ. ಗ್ರಹಿಕೆಯ ಸ್ವಭಾವವೇ ಅಂಥದು.

3. ಬಳ್ಳಿಗಾವೆಯ ಸಾಲು

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠಕ್ಕೆ ಸಂಬಂಧಿಸಿದ 1162ರ ಶಾಸನ ಕನ್ನಡ ಸಂಸ್ಕೃತಿಯ ಚರಿತ್ರಕಾರರಿಗೆ ಸುಪರಿಚಿತ. ಬಿಜ್ಜಳನ ಕಾಲದ ಈ ಶಾಸನವು ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಶಿಕಾರಿಪುರದ 102ನೆಯ ಶಾಸನವಾಗಿ ಅಚ್ಚಾಗಿದೆ. ಭಾಷಾಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಸಾಮಾನ್ಯವಾಗಿ ನೆನೆಯುವುದು ವ್ಯಾಕರಣದ ಕಾರಣಕ್ಕೆ: ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳ ವ್ಯಾಖ್ಯಾನ ನಡೆಯುತ್ತಿದ್ದ ಸ್ಥಾನವೆಂದು ಅದು ಮಠವನ್ನು ವರ್ಣಿಸುತ್ತದೆ. ಅದೇ ವರ್ಣನೆ ಮುಂದುವರಿದು, ಅಡ್ಡಿಯಿಲ್ಲದೆ ಅನ್ನ ದೊರೆಯುತ್ತಿದ್ದವರ ದೀರ್ಘ ಪಟ್ಟಿಯನ್ನು ಕೊಡುತ್ತದೆ. ದೀನರು, ಅನಾಥರು, ಕುಂಟರು, ಕುರುಡರು ಆದ ಮೇಲೆ ಕಿವುಡರು ಬರುತ್ತಾರೆ. ಕಿವುಡರ ಬೆನ್ನಿಗೇ ಕಥಕರು, ಗಾಯಕರು, ವಾದಕರು, ಕೊಳಲೂದುವವರು, ನರ್ತಕರು. ಮಠವು ರೋಗಿಗಳಿಗೆ ಔಷಧೋಪಚಾರದ ಸ್ಥಾನವೂ ಆಗಿತ್ತೆಂದು ಶಾಸನ ಹೇಳುತ್ತದೆ.

ಈ ನೆರೆತನವನ್ನು ಎಷ್ಟು ದೂರ ಎಳೆಯಬಹುದು? ಇದು ಸಮಾಸದೊಳಗಿನ ಕ್ರಮ, ಪಂಕ್ತಿಭೋಜನದ ಚಿತ್ರವಲ್ಲ. ಕಿವುಡರು ಕಥಕರ ಎದುರಿಗೆ ಕುಳಿತಿದ್ದರೆಂದು ಶಾಸನ ಹೇಳುವುದಿಲ್ಲ. ಇಬ್ಬರೂ ಅನ್ನಕ್ಕೆ ಅರ್ಹರು ಎಂದಷ್ಟೇ ಹೇಳುತ್ತದೆ. ಹಾಗಿದ್ದರೂ ಈ ಸಾಲು ಒಂದು ಪ್ರಶ್ನೆಯನ್ನು ಎತ್ತಲು ಸಾಕು. ಕಿವುಡರಿಗೆ ಅನ್ನ ಕೊಡುವ ಹೊಣೆಯನ್ನು ಸಮಾಜವೊಂದು ಕಲ್ಲಿನಲ್ಲಿ ಬರೆದು ಒಪ್ಪಿಕೊಂಡಿತು. ಪಕ್ಕದಲ್ಲೇ ನಡೆಯುತ್ತಿದ್ದ ಕಥೆಯನ್ನು ಕೊಡುವ ಹೊಣೆ ಯಾರದು? ಇಂದಿನ ಮನೆಯಲ್ಲಿಯೂ ಹಿರಿಯರ ಊಟ, ಔಷಧಿಗಳಿಗೆ ಲೋಪವಿರುವುದಿಲ್ಲ, ತಪ್ಪಿಹೋಗುವುದು ಕಥೆ.

ಧ್ವನಿಯ ಬಗ್ಗೆ ಕನ್ನಡ ವ್ಯಾಕರಣಪರಂಪರೆಯ ಕಲ್ಪನೆಯೊಂದನ್ನು ಇಲ್ಲಿ ಸ್ಮರಿಸಬಹುದು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ದೇಹವನ್ನು ವಾದ್ಯಕ್ಕೂ ನಾಲಗೆಯನ್ನು ಅದನ್ನು ನುಡಿಸುವ ಕೋಲಿಗೂ ಹೋಲಿಸಿ, ಶಬ್ದಕ್ಕೆ ಬಿಳಿಯ ಬಣ್ಣವನ್ನು ಹೇಳುತ್ತಾನೆ. ಜೈನ ದರ್ಶನದ ಹಿನ್ನೆಲೆಯಲ್ಲಿ ಶಬ್ದವೊಂದು ದ್ರವ್ಯ. ಆ ತತ್ತ್ವವನ್ನು ಇಂದಿನ ಧ್ವನಿವಿಜ್ಞಾನ ಒಪ್ಪಬೇಕಾಗಿಲ್ಲ. ಆದರೆ ನುಡಿಗೆ ಕಣ್ಣಿಗೆ ಕಾಣುವ ಒಂದು ರೂಪವೂ ಇರಬಹುದೆಂಬ ಯೋಚನೆ ನಮ್ಮ ವ್ಯಾಕರಣಕ್ಕೆ ಹೊಸತಲ್ಲ ಎಂಬುದು ಗಮನಾರ್ಹ.

4. ಆಟದಿಂದ ಧಾರಾವಾಹಿಗೆ

ಟಿವಿ ಬರುವ ಮೊದಲು ಈ ಸೀಮೆಯ ಸಾಮೂಹಿಕ ಮನರಂಜನೆ ಬಯಲಿನದಾಗಿತ್ತು. ಸೊರಬದ ಪಶ್ಚಿಮಕ್ಕೆ ಬಡಗುತಿಟ್ಟಿನ ಯಕ್ಷಗಾನ, ಶಿಕಾರಿಪುರದ ಕಡೆಗೆ ಬಯಲಾಟ, ಎರಡೂ ಕಡೆ ಡೊಳ್ಳು ಕುಣಿತ. ಶ್ರವಣದ ದೃಷ್ಟಿಯಿಂದ ಇವುಗಳಲ್ಲಿ ಮೂರು ಸಮಾನ ಗುಣಗಳಿವೆ. ಕಥೆ ಮೊದಲೇ ಗೊತ್ತಿರುತ್ತದೆ. ಪಾತ್ರವನ್ನು ಅದರ ವೇಷವೇ ಹೇಳುತ್ತದೆ. ಬಣ್ಣದ ವೇಷ ರಂಗಕ್ಕೆ ಬಂದಾಗ ರಾಕ್ಷಸನೆಂದು ಯಾರೂ ಕಿವಿಗೊಟ್ಟು ತಿಳಿಯಬೇಕಿಲ್ಲ. ವಾದ್ಯದ ಸದ್ದು ಎದೆಗೆ ತಟ್ಟುವಷ್ಟು ದೊಡ್ಡದು. ಕಿವಿ ಮಂದವಾದ ಅಜ್ಜ ಅರ್ಥಗಾರಿಕೆಯ ಸೂಕ್ಷ್ಮವನ್ನು ಕಳೆದುಕೊಂಡರೂ ಆಟವನ್ನು ಕಳೆದುಕೊಳ್ಳುತ್ತಿರಲಿಲ್ಲ. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಜಿಲ್ಲೆಯ ಮಾತನ್ನು ಮನೆಯೊಳಕ್ಕೆ ತಂದಾಗ ಅಂಥ ಅಜ್ಜನ ಪಾಲಿಗೆ ಕಣ್ಣಿನ ಆಸರೆ ಸಂಪೂರ್ಣ ಇಲ್ಲವಾಯಿತು.

ಕರ್ನಾಟಕದ ಹಳ್ಳಿಗಳು ಟಿವಿಯನ್ನು ಮೊದಲು ಕಂಡದ್ದು 1975–76ರ ಉಪಗ್ರಹ ಶೈಕ್ಷಣಿಕ ಪ್ರಯೋಗದಲ್ಲಿ. ಅದು ರಾಜ್ಯದ ಉತ್ತರದ ಜಿಲ್ಲೆಗಳಿಗೆ ಮೀಸಲಾಗಿತ್ತು. 1981ರಲ್ಲಿ ಬೆಂಗಳೂರಿನಿಂದ ಪ್ರಸಾರ ತೊಡಗಿತು. ಮಲೆನಾಡಿನ ಅಂಚಿನ ಊರುಗಳ ನೆನಪಿನಲ್ಲಿ ಟಿವಿ ಎಂದರೆ ಬಹುಮಟ್ಟಿಗೆ 1987–88ರ ಭಾನುವಾರದ ‘ರಾಮಾಯಣ’. ಅದರ ಭಾಷೆ ಹಿಂದಿ, ಅದೂ ಸಂಸ್ಕೃತಭೂಯಿಷ್ಠವಾದ ಹಿಂದಿ. ಹಿಂದಿ ತಿಳಿಯದ ಮನೆಗಳಲ್ಲಿ ಇದು ವಿಚಿತ್ರವಾದ ಸಮಾನತೆಯೊಂದನ್ನು ತಂದಿತು. ಮಾತು ಅರ್ಥವಾಗದಿದ್ದುದರಿಂದ ಎಲ್ಲರೂ ಕಣ್ಣಿನಿಂದ, ನೆನಪಿನಿಂದ, ಮುಖಭಾವದಿಂದ ಕಥೆಯನ್ನು ಹಿಂಬಾಲಿಸಿದರು. ಕಿವಿ ಚುರುಕಾಗಿದ್ದವರಿಗೂ ಮಂದವಾಗಿದ್ದವರಿಗೂ ಅಂತರ ಕಡಿಮೆಯಾಯಿತು. ರಾಮಾಯಣವನ್ನು ಹೆಚ್ಚು ಬಲ್ಲ ಅಜ್ಜಿಯೇ ಮಕ್ಕಳಿಗೆ ಕಥೆ ಬಿಡಿಸಿ ಹೇಳುವ ಸ್ಥಾನದಲ್ಲಿದ್ದರು. ಹೊಸ ಪೆಟ್ಟಿಗೆಯೊಳಗೆ ಬಂದದ್ದು ಹಳೆಯ ಆಟದ ವ್ಯಾಕರಣ.

ಈ ಸ್ಥಾನವನ್ನು ಕಸಿದದ್ದು ಕನ್ನಡದ ಧಾರಾವಾಹಿಗಳೇ ಎಂಬುದು ವಿಪರ್ಯಾಸ. 1994ರಲ್ಲಿ ಉದಯ ಟಿವಿ ಬಂದಿತು. 1998ರ ‘ಮಾಯಾಮೃಗ’ದಂಥ ದೈನಿಕ ಧಾರಾವಾಹಿಗಳು ಮಧ್ಯಮವರ್ಗದ ಮನೆಮಾತನ್ನು ಕಥನದ ಕೇಂದ್ರಕ್ಕೆ ತಂದವು. ಕನ್ನಡಕ್ಕೆ ಅದು ದೊಡ್ಡ ಲಾಭ. ಆದರೆ ಅಲ್ಲಿ ಕಥೆ ಮೊದಲೇ ಗೊತ್ತಿಲ್ಲ, ವೇಷ ಏನನ್ನೂ ಹೇಳುವುದಿಲ್ಲ, ತಿರುವುಗಳೆಲ್ಲ ಮಾತಿನಲ್ಲಿ ಅಡಗಿವೆ. ಒಂದು ವಾಕ್ಯ ತಪ್ಪಿದರೆ ಮರುದಿನದ ಕಂತೂ ತಪ್ಪಿದಂತೆ. ಮಾತು ಅರ್ಥವಾಗುವ ಭಾಷೆಗೆ ಬಂದ ಕೂಡಲೇ, ಆ ಮಾತು ಕೇಳಿಸದವರು ಹೊರಗುಳಿದರು.

5. ಕನ್ನಡದ ಧ್ವನಿಗಳು ಮತ್ತು ಮುಪ್ಪಿನ ಕಿವಿ

ವಯಸ್ಸಿನಿಂದ ಬರುವ ಶ್ರವಣನಷ್ಟ ಸಾಮಾನ್ಯವಾಗಿ ಎತ್ತರದ ಆವರ್ತನಗಳಿಂದ ಆರಂಭವಾಗುತ್ತದೆ. ಸ್ವರಗಳ ಶಕ್ತಿ ಬಹುಪಾಲು ಕೆಳಗಿನ ಆವರ್ತನಗಳಲ್ಲಿದೆ, ‘ಸ’, ‘ಶ’ದಂಥ ಊಷ್ಮಗಳ ಶಕ್ತಿ 3,000 ಹರ್ಟ್ಸ್‌ಗಿಂತ ಮೇಲೆ ಹರಡಿದೆ, ‘ತ’, ‘ಟ’, ‘ಕ’ಗಳ ಸ್ಫೋಟವನ್ನು ಗುರುತಿಸುವ ಸೂಚನೆಗಳೂ ಕ್ಷಣಿಕ, ದುರ್ಬಲ. ಆದ್ದರಿಂದ ಹಿರಿಯರು ‘ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ’ ಎನ್ನುವುದು ಅಕ್ಷರಶಃ ನಿಜ. ‘ಸಾಲು’, ‘ಹಾಲು’, ‘ಕಾಲು’ ಮೂರೂ ಅವರಿಗೆ ‘ಆಲು’ವಿನ ಹತ್ತಿರ ಬಂದು ನಿಲ್ಲುತ್ತವೆ. ಹಳಗನ್ನಡದ ‘ಪಾಲ್’ ನಡುಗನ್ನಡದ ಹೊತ್ತಿಗೆ ‘ಹಾಲು’ ಆಯಿತೆಂಬುದನ್ನು ನೆನೆದರೆ, ತುಟಿಯ ಮೇಲೆ ಕಾಣುತ್ತಿದ್ದ ಸ್ಪರ್ಶವೊಂದು ಕಾಣದ, ಮೆಲುವಾದ ಉಸಿರಾಗಿ ಬದಲಾದ ಚರಿತ್ರೆಯೂ ಇದರಲ್ಲಿದೆ.

ಕನ್ನಡದ ವಾಕ್ಯರಚನೆ ಈ ಕಷ್ಟಕ್ಕೆ ತನ್ನದನ್ನೂ ಸೇರಿಸುತ್ತದೆ. ಕ್ರಿಯಾಪದ ಕೊನೆಗೆ ಬರುತ್ತದೆ. ಕಾಲ, ಲಿಂಗ, ವಚನ, ನಿಷೇಧಗಳೆಲ್ಲ ಅದರ ತುದಿಯ ಪ್ರತ್ಯಯದಲ್ಲಿವೆ. ಹೇಳಿಕೆಯ ವಾಕ್ಯದಲ್ಲಿ ದನಿ ಇಳಿಯುವುದೂ ಅಲ್ಲಿಯೇ. ಆಡುಮಾತಿನಲ್ಲಿ ‘ಬರಲ್ಲ’ ಎಂಬ ನಿರಾಕರಣೆಗೂ ‘ಬರಲಾ?’ ಎಂಬ ಪ್ರಶ್ನೆಗೂ ಇರುವ ಅಂತರ ಒಂದು ದ್ವಿತ್ವ, ಒಂದು ದೀರ್ಘ, ಸ್ವಲ್ಪ ಏರುದನಿ. ಹೌದೋ ಅಲ್ಲವೋ ಎಂಬ ಅತಿ ಮುಖ್ಯ ಸಂಗತಿ ವಾಕ್ಯದ ಅತಿ ಮೆಲುವಾದ ಜಾಗದಲ್ಲಿದೆ. ಇನ್ನೊಂದೆಡೆ ಭಾಷೆ ಕೊಡುವ ಸಹಾಯವೂ ಉಂಟು. ಹ್ರಸ್ವ–ದೀರ್ಘ, ಒಂಟಿ–ದ್ವಿತ್ವ ಎಂಬ ಭೇದಗಳು ಕಾಲಪ್ರಮಾಣವನ್ನು ಅವಲಂಬಿಸಿವೆ. ಎತ್ತರದ ಆವರ್ತನ ನಷ್ಟವಾದ ಕಿವಿಗೂ ಅವು ಬಹುಮಟ್ಟಿಗೆ ದಕ್ಕುತ್ತವೆ. ನಿಧಾನವಾಗಿ, ಪ್ರತ್ಯಯವನ್ನು ನುಂಗದೆ ಆಡಿದ ಕನ್ನಡ ಜೋರಾಗಿ ಆಡಿದ ಕನ್ನಡಕ್ಕಿಂತ ಹೆಚ್ಚು ತಲಪುವುದು ಇದರಿಂದಲೇ.

‘ಜೋರು ಮಾಡಿ’ ಎಂಬ ಸಾಮಾನ್ಯ ಪರಿಹಾರ ಏಕೆ ಸೋಲುತ್ತದೆಂಬುದೂ ಇಲ್ಲಿ ಸ್ಪಷ್ಟವಾಗುತ್ತದೆ. ಟಿವಿಯ ಸದ್ದನ್ನು ಏರಿಸಿದಾಗ ಮೊದಲೇ ಕೇಳಿಸುತ್ತಿದ್ದ ಸ್ವರಗಳೂ ಹಿನ್ನೆಲೆ ಸಂಗೀತವೂ ಅಷ್ಟೇ ಏರುತ್ತವೆ. ವ್ಯಂಜನಗಳು ಅವುಗಳಡಿ ಹೂತುಹೋಗುತ್ತವೆ. ಮುಪ್ಪಿನ ಕಿವಿಗೆ ಮೆಲುದನಿ ಕೇಳಿಸದಿದ್ದರೂ ದೊಡ್ಡ ದನಿ ಬೇಗನೆ ಅಸಹನೀಯವಾಗುತ್ತದೆ. ಉಳಿದವರಿಗೂ ಕಿರಿಕಿರಿ. ಕೊನೆಗೆ ರಿಮೋಟು ಕೈ ಬದಲಾಗುತ್ತದೆ.

6. ತುಟಿ, ಡಬ್ಬಿಂಗ್, ಅಕ್ಷರ

ಕಿವಿ ಕೈಕೊಟ್ಟಾಗ ಕಣ್ಣು ತುಟಿಯನ್ನು ಓದತೊಡಗುತ್ತದೆ. ಶ್ರವಣದೋಷವಿಲ್ಲದವರೂ ಮಾತನ್ನು ಗ್ರಹಿಸುವಾಗ ತುಟಿಯನ್ನು ಗಮನಿಸುತ್ತಾರೆಂಬುದನ್ನು 1976ರಲ್ಲಿ ಮೆಕ್‌ಗರ್ಕ್ ಮತ್ತು ಮೆಕ್‌ಡೊನಾಲ್ಡ್ ತೋರಿಸಿದರು. ಆದರೆ ತುಟಿಗೆ ಮಿತಿಯಿದೆ. ‘ಪಟ್ಟೆ’, ‘ಬಟ್ಟೆ’, ‘ಮಟ್ಟೆ’ ತುಟಿಯಲ್ಲಿ ಒಂದೇ. ‘ಹಳ್ಳಿ’ಗೂ ‘ಹಲ್ಲಿ’ಗೂ ಇರುವ ಅಂತರ ಬಾಯೊಳಗೆ ಮರೆಯಾಗಿದೆ. ಆದರೂ ಅಳಿದುಳಿದ ಶ್ರವಣಕ್ಕೆ ತುಟಿಯ ಸಾಕ್ಷ್ಯ ಕೂಡಿದಾಗ ಗ್ರಹಿಕೆ ಗಣನೀಯವಾಗಿ ಸುಧಾರಿಸುತ್ತದೆ.

ಕನ್ನಡದ ಡಬ್ಬಿಂಗ್ ಚರ್ಚೆಯನ್ನು ಈ ಕೋನದಿಂದ ಯಾರೂ ನಡೆಸಿದಂತಿಲ್ಲ. 1960ರ ದಶಕದಿಂದ ಜಾರಿಯಲ್ಲಿದ್ದ ಡಬ್ಬಿಂಗ್ ವಿರೋಧವನ್ನು 2015ರ ಜುಲೈಯಲ್ಲಿ ಭಾರತೀಯ ಸ್ಪರ್ಧಾ ಆಯೋಗ ತಳ್ಳಿಹಾಕಿತು. 2020ರ ಲಾಕ್‌ಡೌನ್ ಕಾಲದಲ್ಲಿ ಡಬ್ ಆದ ಪೌರಾಣಿಕ ಧಾರಾವಾಹಿಗಳು ಕನ್ನಡ ವಾಹಿನಿಗಳಲ್ಲಿ ಬಂದವು. ವಿರೋಧಿಗಳು ಕಲಾವಿದರ ಜೀವನೋಪಾಯವನ್ನೂ, ಪ್ರತಿಪಾದಕರು ಕನ್ನಡಿಗರು ಎಲ್ಲವನ್ನೂ ಕನ್ನಡದಲ್ಲಿ ನೋಡುವ ಹಕ್ಕನ್ನೂ ಮುಂದಿಟ್ಟರು. ಎರಡೂ ವಾದಗಳಲ್ಲಿ ತೂಕವಿದೆ. ಆದರೆ ಡಬ್ ಆದ ಚಿತ್ರದಲ್ಲಿ ತುಟಿ ಒಂದು ಭಾಷೆಯಲ್ಲಿ, ದನಿ ಇನ್ನೊಂದರಲ್ಲಿ ಇರುತ್ತವೆ. ತುಟಿಯನ್ನು ನೆಚ್ಚಿದ ನೋಡುಗರಿಗೆ ಅದು ನೆರವಾಗುವ ಬದಲು ದಾರಿ ತಪ್ಪಿಸುತ್ತದೆ. ಅವರಿಗೆ ಬೇಕಾದುದು ಡಬ್ ಆದ ದನಿಯ ಜೊತೆಗೆ, ಅಥವಾ ಅದರ ಬದಲಿಗೆ, ಕನ್ನಡದ ಅಕ್ಷರ.

ಅಕ್ಷರದ ಚರಿತ್ರೆಯೂ ಚಿಕ್ಕದಲ್ಲ. 1987ರಲ್ಲಿ ದೂರದರ್ಶನ ಶ್ರವಣದೋಷವುಳ್ಳವರಿಗಾಗಿ ವಾರದ ವಾರ್ತೆಯನ್ನು ದೆಹಲಿಯಿಂದ ಆರಂಭಿಸಿತು. ಅದರ ಆಧಾರ ಸಂಜ್ಞೆಯ ಭಾಷೆ. ಸಂಜ್ಞೆಯನ್ನು ಮೊದಲ ಭಾಷೆಯಾಗಿ ಕಲಿತವರಿಗೆ ಅದು ಅನಿವಾರ್ಯವಾದ ಸೌಲಭ್ಯ. ಎಪ್ಪತ್ತರಲ್ಲಿ ಕಿವಿ ಮಂದವಾದವರಿಗೆ ಅದು ಇನ್ನೊಂದು ಅಪರಿಚಿತ ಭಾಷೆ. ಅದೇ ಭಾಷೆಯ ಅಡಿಬರಹ ಎಂಬ ಕಲ್ಪನೆಯನ್ನು 1996ರಲ್ಲಿ ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯಲ್ಲಿದ್ದ ಬ್ರಿಜ್ ಕೊಠಾರಿ ಮುಂದಿಟ್ಟರು. 1999ರಲ್ಲಿ ಗುಜರಾತಿ ಚಿತ್ರಗೀತೆಗಳ ಕಾರ್ಯಕ್ರಮದಲ್ಲಿ ಅದು ಕಾಣಿಸಿಕೊಂಡಿತು. 2002ರಲ್ಲಿ ‘ಚಿತ್ರಹಾರ್’ ಮೂಲಕ ದೇಶಕ್ಕೆ ಹರಡಿತು. ಮುಂದೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಹಾಡುಗಳಿಗೆ ವಿಸ್ತರಿಸಿತು. ಅದರ ಗುರಿ ಅರೆಸಾಕ್ಷರರ ಓದನ್ನು ಬಲಪಡಿಸುವುದು. ಕಿವಿ ಮಂದವಾದವರಿಗೆ ಅದು ಅನುಷಂಗಿಕವಾಗಿ ಸಿಕ್ಕಿದ ಲಾಭ. 2016ರ ಅಧಿನಿಯಮ ಅಡಿಬರಹವನ್ನು ಹಕ್ಕಿನ ವಿಷಯವಾಗಿಸಿತು. 2019ರ ಸೆಪ್ಟೆಂಬರ್ 11ರಂದು ವಾರ್ತಾ ಮತ್ತು ಪ್ರಸಾರ ಸಚಿವಾಲಯ ಟಿವಿ ಕಾರ್ಯಕ್ರಮಗಳಿಗೆ ಸುಗಮ್ಯತೆಯ ಮಾನದಂಡಗಳನ್ನು ಹೊರಡಿಸಿತು.

ಮಾನದಂಡ ಬಂದ ಮೇಲೆ ಉಳಿಯುವ ಪ್ರಶ್ನೆಗಳು ಭಾಷಾಶಾಸ್ತ್ರದವು. ಪಾತ್ರ ‘ಹೋಗ್ತೀನಿ’ ಎಂದಾಗ ಅಡಿಬರಹ ‘ಹೋಗ್ತೀನಿ’ ಎಂದಿರಬೇಕೋ ‘ಹೋಗುತ್ತೇನೆ’ ಎಂದಿರಬೇಕೋ? ಗ್ರಂಥಸ್ಥ ರೂಪ ಓದಿಗೆ ಪರಿಚಿತ. ಆದರೆ ಅದು ತುಟಿಗೂ ಅರ್ಧ ಕೇಳಿಸಿದ ದನಿಗೂ ಹೊಂದುವುದಿಲ್ಲ. ಮಂದಶ್ರವಣದವರು ಅಕ್ಷರವನ್ನು ದನಿಯ ಬದಲಿಗೆ ಓದದೆ ದನಿಯ ಜೊತೆಗೆ ಓದುತ್ತಾರಾದ್ದರಿಂದ ಆಡಿದ ರೂಪವನ್ನೇ ಬರೆಯುವುದು ಯುಕ್ತ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಲ್ಯಾಟಿನ್ ಲಿಪಿಗೆ ಸಾಕಾಗುವ ಎತ್ತರ ಇಲ್ಲಿ ಸಾಲದು. ಮಸುಕಾದ ಕಣ್ಣಿಗೆ ಒತ್ತು ಕಾಣದಿದ್ದರೆ ‘ಬರಲ್ಲ’ ಮತ್ತೆ ‘ಬರಲ’ ಆಗುತ್ತದೆ. ಸಾಲು ಮುರಿಯುವಾಗ ನಿಷೇಧವನ್ನು ಅದರ ಕ್ರಿಯೆಯಿಂದ ಬೇರ್ಪಡಿಸಬಾರದು. ಓದು ಬಾರದ ಹಿರಿಯರಿಗೆ, ತಾಂಡಾದಲ್ಲಿ ಲಂಬಾಣಿ ಮಾತಾಡುವ ಅಜ್ಜಿಗೆ, ಇಷ್ಟೆಲ್ಲ ಮಾಡಿದರೂ ಅಡಿಬರಹ ಉತ್ತರವಾಗುವುದಿಲ್ಲ ಎಂಬುದನ್ನೂ ಒಪ್ಪಬೇಕು.

7. ಮನೆಯೊಳಗಿನ ಹೊಣೆ

ಹಾಗಾಗಿ ಕೊನೆಯ ಕೊಂಡಿ ಮನೆಯೇ. ಮೇಲಿನ ವಿಶ್ಲೇಷಣೆಯಿಂದ ಕೆಲವು ಪ್ರಾಯೋಗಿಕ ಸಂಗತಿಗಳು ತಾವಾಗಿ ಹೊರಡುತ್ತವೆ. ಸದ್ದನ್ನು ಹೆಚ್ಚಿಸುವುದಕ್ಕಿಂತ ಸದ್ದಿನ ಮೂಲವನ್ನು ಹತ್ತಿರ ತರುವುದು ಮೇಲು. ಬಯಲಿನಲ್ಲಿ ದೂರ ಅರ್ಧವಾದಾಗ ದನಿಯ ಮಟ್ಟ 6 ಡೆಸಿಬಲ್ ಏರುತ್ತದೆ, ಕೋಣೆಯೊಳಗೂ ನೇರದನಿಯ ಪಾಲು ಹೆಚ್ಚಿ ಗೋಡೆಯ ಮರುದನಿಯ ಪಾಲು ತಗ್ಗುತ್ತದೆ. ಕುರ್ಚಿಯ ಪಕ್ಕದಲ್ಲಿಟ್ಟ ಒಂದು ಚಿಕ್ಕ ಸ್ಪೀಕರ್, ಅಥವಾ ಟಿವಿಯ ದನಿಯನ್ನು ನೇರವಾಗಿ ಶ್ರವಣಸಾಧನಕ್ಕೋ ಹೆಡ್‌ಫೋನಿಗೋ ಕಳಿಸುವ ನಿಸ್ತಂತು ಉಪಕರಣ ಈ ಕೆಲಸ ಮಾಡುತ್ತದೆ. ಹಲವು ಟಿವಿಗಳಲ್ಲಿ ಮಾತನ್ನು ಮುಂದಕ್ಕೆ ತಂದು ಸಂಗೀತವನ್ನು ತಗ್ಗಿಸುವ ಆಯ್ಕೆಯಿರುತ್ತದೆ. ಅಡುಗೆಮನೆಯ ಮಿಕ್ಸಿಯನ್ನು ಅರ್ಧಗಂಟೆ ಮುಂದೂಡುವುದಕ್ಕೆ ಖರ್ಚಿಲ್ಲ. ಇವೆಲ್ಲಕ್ಕೂ ಮೊದಲು ಶ್ರವಣಪರೀಕ್ಷೆ ನಡೆಯಬೇಕು. 1960ರ ದಶಕದ ಮಧ್ಯದಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಪದಗಳಿಂದಲೇ ಮಾತಿನ ಗ್ರಹಿಕೆಯನ್ನು ಅಳೆಯುವ ಪಟ್ಟಿಗಳು ರೂಪುಗೊಂಡಿವೆ.

ಉಪಕರಣ ಮಾಡಲಾಗದ ಒಂದು ಕೆಲಸವಿದೆ. ಕಂತು ಆರಂಭವಾಗುವ ಮೊದಲು ಸೊಸೆಯೋ ಮೊಮ್ಮಗನೋ ಎದುರಿಗೆ ಕುಳಿತು, ನಿನ್ನೆ ಎಲ್ಲಿಗೆ ಬಂದಿತ್ತು, ಇವಳು ಯಾರ ಮಗಳು, ಯಾರಿಗೆ ಯಾರ ಮೇಲೆ ಸಿಟ್ಟು ಎಂಬುದನ್ನು ನಾಲ್ಕು ವಾಕ್ಯಗಳಲ್ಲಿ ಹೇಳುವುದು. ಬಯಲಾಟದ ನೋಡುಗನಿಗೆ ಪರಂಪರೆಯಿಂದ ದೊರೆಯುತ್ತಿದ್ದ ಪೂರ್ವಕಥೆಯನ್ನು ಧಾರಾವಾಹಿಯ ನೋಡುಗರಿಗೆ ಹೀಗೆ ಮನೆಯವರು ಒದಗಿಸಬಹುದು. ಊಹಿಸಲು ನೆಲೆ ಸಿಕ್ಕ ಕಿವಿ ಅರ್ಧ ಕೇಳಿಸಿದ ಪದವನ್ನೂ ಪೂರ್ತಿ ಮಾಡಿಕೊಳ್ಳುತ್ತದೆ. ‘ಅವಳು ಏನಂದಳು?’ ಎಂಬ ಪ್ರಶ್ನೆಗೆ ‘ಏನಿಲ್ಲ ಬಿಡಿ’ ಎನ್ನದೆ ಉತ್ತರ ಕೊಡುವುದೂ ಇದರ ಭಾಗ. ‘ಏನಿಲ್ಲ’ ಎಂಬ ಉತ್ತರವನ್ನು ಹಲವು ಬಾರಿ ಪಡೆದವರು ಕ್ರಮೇಣ ಕೇಳುವುದನ್ನು, ಆ ಧಾತುವಿನ ಎರಡೂ ಅರ್ಥಗಳಲ್ಲಿ, ನಿಲ್ಲಿಸುತ್ತಾರೆ.

8. ಉಪಸಂಹಾರ

ಆಟ, ಬಾನುಲಿ, ಹಿಂದಿಯ ಪುರಾಣ, ಕನ್ನಡದ ಧಾರಾವಾಹಿ ಎಂಬ ಕ್ರಮದಲ್ಲಿ ನೋಡಿದಾಗ, ಮಂದಶ್ರವಣದ ಹಿರಿಯರು ಕಥೆಯಿಂದ ದೂರವಾದದ್ದು ಒಂದೇ ದಿಕ್ಕಿನ ಪಯಣವಲ್ಲವೆಂದು ಕಾಣುತ್ತದೆ. ಮಾಧ್ಯಮವು ಕಣ್ಣಿಗೂ ನೆನಪಿಗೂ ಕೆಲಸ ಕೊಟ್ಟಾಗಲೆಲ್ಲ ಅವರು ಒಳಗಿದ್ದರು. ಎಲ್ಲ ಭಾರವನ್ನೂ ಮಾತಿನ ಮೇಲೆ ಹೇರಿದಾಗ ಹೊರಗಾದರು. ಹಾಗಾದರೆ ಈ ನಷ್ಟವನ್ನು ಮುಪ್ಪಿನ ಸಹಜ ಫಲವೆಂದು ಬಿಟ್ಟುಬಿಡಲಾಗದು. ಅದರ ಒಂದು ಭಾಗ ಪ್ರಸಾರಕರ ಕೈಯಲ್ಲಿದೆ, ಒಂದು ಭಾಗ ಮನೆಯವರ ಕೈಯಲ್ಲಿದೆ, ಮತ್ತು ಕನ್ನಡದ ಅಡಿಬರಹಕ್ಕೆ ತಕ್ಕ ನಿಯಮಗಳನ್ನು ರೂಪಿಸಬೇಕಾದ ಭಾಗ ಭಾಷಾಶಾಸ್ತ್ರಜ್ಞರಾದ ನಮ್ಮದು. ಬಳ್ಳಿಗಾವೆಯ ಮಠದಲ್ಲಿ ವ್ಯಾಕರಣದ ವ್ಯಾಖ್ಯಾನವೂ ಕಿವುಡರಿಗೆ ಅನ್ನವೂ ಒಂದೇ ಸೂರಿನಡಿ ನಡೆಯುತ್ತಿದ್ದವು. ಆ ಎರಡು ಕೆಲಸಗಳು ಪರಸ್ಪರ ಪರಿಚಯ ಮಾಡಿಕೊಳ್ಳುವುದು ಮಾತ್ರ ಇನ್ನೂ ಬಾಕಿಯಿದೆ.